ನೋಡಿಕೊಳ್ಳುವವಳು: ಬಳಕೆ ಮತ್ತು ನಿರ್ವಹಣೆಯ ಕೈಪಿಡಿ

(ಮುಂಬಯಿ ಮಾದರಿ. ಬಳಸುವ ಮೊದಲು ಪೂರ್ತಿ ಓದಿ. ಓದದೆ ಫಾರ್ವರ್ಡ್ ಮಾಡಬೇಡಿ.)

ಅಭಿನಂದನೆಗಳು! ನಿಮ್ಮ ಕುಟುಂಬಕ್ಕೆ ಒಬ್ಬಳು ನೋಡಿಕೊಳ್ಳುವವಳು ದಕ್ಕಿದ್ದಾಳೆ. ಈ ಯಂತ್ರವನ್ನು ಯಾರೂ ಅಂಗಡಿಯಿಂದ ತಂದದ್ದಲ್ಲ. ಮೊದಲಿನಿಂದಲೂ ಮನೆಯಲ್ಲೇ ಇತ್ತು, ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿತ್ತು. ಅಪ್ಪಯ್ಯನಿಗೆ ಡಿಮೆನ್ಷಿಯಾ ಎಂದು ಡಾಕ್ಟರು ಹೇಳಿದ ಸಂಜೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನೀವೆಲ್ಲ ಕೈಮುಗಿದ ಗುರುತು ಹಾಕಿದಿರಿ. ಎರಡನೆಯ ಸೊಸೆ ಮಾತ್ರ ಏನೂ ಹಾಕಲಿಲ್ಲ. ಅವಳು ಆಗ ಅಪ್ಪಯ್ಯನ ಒದ್ದೆ ಪಂಚೆ ಬದಲಿಸುತ್ತಿದ್ದಳು. ಅವಳ ನೇಮಕಾತಿ ಆದದ್ದು ಆ ಹೊತ್ತಿನಲ್ಲೇ. ಆದೇಶಪತ್ರ ಇಲ್ಲ, ರಜೆ ಇಲ್ಲ.

ಈ ಕೈಪಿಡಿ ಅವಳಿಗಲ್ಲ, ಅವಳಿಗೆ ಓದಲು ಪುರುಸೊತ್ತಿಲ್ಲ. ಇದು ಉಳಿದವರಿಗೆ. ಅಂಧೇರಿಯ ಭಾವನಿಗೆ, ಬೆಂಗಳೂರಿನ ನಾದಿನಿಗೆ, ದುಬೈಯಲ್ಲಿರುವ ಮೈದುನನಿಗೆ, ಊರಿನಿಂದ ಫೋನು ಮಾಡಿ ‘ಒಂದೆಲಗದ ಚಟ್ನಿ ಕೊಟ್ಟು ನೋಡಿ’ ಎನ್ನುವ ಕುಂದಾಪುರದ ಚಿಕ್ಕಮ್ಮನಿಗೆ. ಅವಳ ಗಂಡನಿಗೂ ಹೌದು. ಅವನು ಅದೇ ಮನೆಯಲ್ಲಿದ್ದರೂ 8.32ರ ಫಾಸ್ಟ್ ಲೋಕಲಿನಿಂದ ರಾತ್ರಿ ಒಂಬತ್ತರವರೆಗೆ ಲೆಕ್ಕಕ್ಕೆ ಸಿಗುವವನಲ್ಲ.

ಯಂತ್ರದ ಪರಿಚಯ

ಹೆಂಡತಿ, ಮಗಳು, ಸೊಸೆ ಎಂಬ ಮೂರು ನಮೂನೆಗಳಲ್ಲಿ ಲಭ್ಯ. ಗಂಡು ನಮೂನೆಯೂ ಉಂಟು, ಅಪರೂಪ. ಸಿಕ್ಕಿದರೆ ಸಂಘದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುತ್ತಾರೆ. ಹೆಣ್ಣು ನಮೂನೆಗೆ ಶಾಲು ಅನ್ವಯಿಸುವುದಿಲ್ಲ. ಗಾತ್ರ, ಒಂದು ಬಿಎಚ್‌ಕೆಯಲ್ಲಿ ಹಿಡಿಯುವಷ್ಟು. ಮಲಗುವ ಜಾಗ, ಮುಂಬಾಗಿಲಿಗೆ ಅಡ್ಡಲಾಗಿ.

ಯಂತ್ರದ ಮೇಲೆ ಬೀಳುವ ಭಾರ

‘ಅರವತ್ತಕ್ಕೆ ಅರಳು ಮರಳು’ ಎಂದು ಹೇಳಿಕೊಂಡು ನಮ್ಮವರು ಎರಡು ಮೂರು ವರ್ಷ ಕಳೆದುಬಿಡುತ್ತಾರೆ. ಅಪ್ಪಯ್ಯ ಒಂದೇ ತಿಂಗಳ ಲೈಟ್ ಬಿಲ್ಲನ್ನು ಎರಡು ಸಲ ಕಟ್ಟಿದಾಗ ನಕ್ಕಿರಿ. ಮಾಟುಂಗಾದಲ್ಲಿ ನಿಂತು ಮಾಟುಂಗಾಕ್ಕೆ ದಾರಿ ಕೇಳಿದಾಗ ‘ವಯಸ್ಸಾಯ್ತಲ್ಲ’ ಎಂದಿರಿ. ವಯಸ್ಸಾದವರೆಲ್ಲರಿಗೂ ಇದು ಬರುವುದಿಲ್ಲ. ದೇಶದುದ್ದಕ್ಕೂ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಹಾಗಾದರೆ ನೂರರಲ್ಲಿ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಯ ಅರಳು ಎಲ್ಲಿ ಮರಳಿತು ಎಂದು ಚಿಕ್ಕಮ್ಮನನ್ನೇ ಕೇಳಬೇಕು.

ಡಿಮೆನ್ಷಿಯಾ ಎಂದರೆ ಒಂದೇ ಕಾಯಿಲೆಯಲ್ಲ. ಆಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯ 1906ರಲ್ಲಿ ವಿವರಿಸಿದ ಕಾಯಿಲೆ ಅದರಲ್ಲಿ ಹೆಚ್ಚು ಕಾಣುವುದು. ಮಿದುಳಿನ ರಕ್ತನಾಳ ಕಟ್ಟಿ, ಮೆಟ್ಟಿಲಿಳಿದ ಹಾಗೆ ಒಂದೊಂದೇ ಹಂತ ಕೆಳಗಿಳಿಸುವ ಬಗೆ ಇನ್ನೊಂದು. ಬಿಪಿ, ಸಕ್ಕರೆ ಎರಡನ್ನೂ ಲೆಕ್ಕಕ್ಕಿಡದೆ ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತವರಿಗೆ ಇದರ ಭಯ ಜಾಸ್ತಿ. ಥೈರಾಯ್ಡ್ ಕುಗ್ಗಿದರೆ, ಬಿ12 ಕಡಿಮೆಯಾದರೆ, ಖಿನ್ನತೆ ಕವಿದರೆ ಹೊರಗಿನಿಂದ ಹೀಗೆಯೇ ಕಾಣುತ್ತದೆ. ಅವಕ್ಕೆ ಮದ್ದಿದೆ. ಆದ್ದರಿಂದ ಮೊದಲ ರಕ್ತಪರೀಕ್ಷೆಗೆ ಮುಂಚೆ ಯಾರೂ ಭವಿಷ್ಯ ಹೇಳಬಾರದು. ಆಲ್ಝೈಮರ್‌ಗೆ ಕೊಡುವ ಡೊನೆಪೆಝಿಲ್‌ನಂಥ ಮಾತ್ರೆ ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ತುಸು ಹದಕ್ಕೆ ತರುತ್ತದೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಒಂದೆಲಗದ ಚಟ್ನಿ ಅನ್ನಕ್ಕೆ ರುಚಿ.

ದೂರದಿಂದ ಬಳಸುವವರಿಗೆ

ಬೆಂಗಳೂರಿನ ನಾದಿನಿ ಭಾನುವಾರ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡುತ್ತಾಳೆ. ಅಪ್ಪಯ್ಯ ಕೂದಲು ಬಾಚಿ, ಶರಟು ಹಾಕಿ, ಸೋಫಾದಲ್ಲಿ ನೆಟ್ಟಗೆ ಕೂತಿದ್ದಾರೆ. ‘ಹೇಗಿದ್ದಿ ಮಗಾ? ಮಳೆ ಉಂಟಾ ಅಲ್ಲಿ? ಮಕ್ಕಳ ಪರೀಕ್ಷೆ ಮುಗೀತಾ?’ ಐದು ನಿಮಿಷ, ಒಂದು ತಪ್ಪಿಲ್ಲ. ಆಮೇಲೆ ನಾದಿನಿ ಕೇಳುವ ಪ್ರಶ್ನೆ ಇದು: ‘ಅತ್ತಿಗೆ, ಅಪ್ಪಯ್ಯ ನನ್ನ ಹತ್ರ ಸರಿಯಾಗೇ ಮಾತಾಡಿದ್ರಲ್ಲ?’

ಈ ಪ್ರಶ್ನೆ ಕೇಳಬಾರದು. ಗಿರಾಕಿ ಎದುರು ನಿಂತಾಗ ಮುಖ ಅರಳಿಸುವುದು ಅಪ್ಪಯ್ಯನಿಗೆ ಹದಿಮೂರನೆಯ ವಯಸ್ಸಿನಲ್ಲಿ ಟೇಬಲ್ ಒರೆಸುವಾಗಲೇ ಕೈವಶವಾದ ವಿದ್ಯೆ. ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕೂತು ಓದಿದ ತಲೆಮಾರು ಅವರದು. ಎದುರಿನವರಿಗೆ ತಮ್ಮ ದಣಿವು ತೋರಿಸಿದವರಲ್ಲ. ಮಳೆ, ಮಕ್ಕಳು, ಪರೀಕ್ಷೆ ಇವಕ್ಕೆ ನೆನಪು ಬೇಕಾಗಿಲ್ಲ, ರೂಢಿ ಸಾಕು. ಮಿದುಳು ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಬಂದವರ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಫೋನು ಇಟ್ಟ ಮೇಲೆ ಬರುವ ಅರ್ಧ ದಿನದ ಸುಸ್ತು, ಸಿಡುಕು ಅವಳ ಪಾಲಿಗೆ. ಅದರ ಮೇಲೆ ನಿಮ್ಮ ಅನುಮಾನದ ಭಾರ ಬೇರೆ.

ಅಪ್ಪಯ್ಯನ ನಿಜವಾದ ಸ್ಥಿತಿ ತಿಳಿಯಬೇಕಿದ್ದರೆ ವಿಧಾನ ಒಂದೇ. ಬಂದು ನಾಲ್ಕು ರಾತ್ರಿ ಉಳಿಯಿರಿ, ಅವಳನ್ನು ಆ ನಾಲ್ಕು ರಾತ್ರಿ ತವರಿಗೆ ಕಳುಹಿಸಿ. ಎರಡನೆಯ ರಾತ್ರಿ ಮೂರು ಗಂಟೆಗೆ ಉತ್ತರ ತಾನಾಗಿ ಸಿಗುತ್ತದೆ.

ಸದ್ದು ಬಂದರೆ

ಯಂತ್ರದಿಂದ ಆಗಾಗ ಜೋರು ದನಿ ಕೇಳಿಬರುತ್ತದೆ, ಹೆಚ್ಚಾಗಿ ಸಂಜೆ. ಬಳಕೆದಾರರು ಇದನ್ನು ಅವಳ ಸ್ವಭಾವದೋಷವೆಂದು ದಾಖಲಿಸುತ್ತಾರೆ. ಮೊದಲು ಸಂಜೆಯನ್ನು ತಿಳಿದುಕೊಳ್ಳಿ.

ಬೆಳಕು ಇಳಿಯುತ್ತಿದ್ದಂತೆ ಹಲವು ರೋಗಿಗಳಿಗೆ ಗಲಿಬಿಲಿ ಹೆಚ್ಚುತ್ತದೆ. ದಣಿವು, ಉದ್ದವಾಗುವ ನೆರಳು, ಒಳಗಿನ ಗಡಿಯಾರದ ಏರುಪೇರು ಎಲ್ಲ ಸೇರುತ್ತವೆ. ಐದೂವರೆಗೆ ಅಪ್ಪಯ್ಯ ಎದ್ದು ‘ಗಲ್ಲಾದ ಕೀಲಿ ಎಲ್ಲಿ? ಬ್ಯಾಂಕಿಗೆ ಹಣ ಕಟ್ಟಬೇಕು’ ಎನ್ನುತ್ತಾರೆ. ಹೋಟೆಲು ಮಾರಿ ಯಾವ ಕಾಲವಾಯಿತು! ‘ಅದನ್ನೇ ಅವರಿಗೆ ಹೇಳಬಾರದೇ?’ ಎನ್ನುತ್ತೀರಿ. ಹೇಳಿ ನೋಡಿ. ಮಾರಿದ ಸುದ್ದಿ ಅವರಿಗೆ ಇವತ್ತೇ ತಿಳಿದಂತಾಗುತ್ತದೆ, ಯಾರೋ ಮೋಸ ಮಾಡಿ ಬರೆಸಿಕೊಂಡರು ಎಂದು ಕೂಗಾಟ ಏಳುತ್ತದೆ, ಹತ್ತು ನಿಮಿಷದ ಬಳಿಕ ಮತ್ತೆ ಕೀಲಿ ಬೇಕು. ‘ಅಮ್ಮ ಎಲ್ಲಿ?’ ಎಂದು ಕೇಳಿದಾಗಲೂ ಹೀಗೆಯೇ. ಅಮ್ಮ ತೀರಿಹೋದದ್ದನ್ನು ನೀವು ಪ್ರತಿಸಲ ನೆನಪಿಸಿದರೆ ಅವರು ಪ್ರತಿಸಲ ಹೊಸದಾಗಿ ವಿಧುರರಾಗುತ್ತಾರೆ. ಸತ್ಯಹರಿಶ್ಚಂದ್ರನ ಪಾತ್ರ ಯಕ್ಷಗಾನದ ಮೇಳಕ್ಕೆ ಬಿಟ್ಟುಬಿಡಿ.

ಅವಳು ಏನು ಮಾಡುತ್ತಾಳೆ ಗಮನಿಸಿ. ಒಂದು ಸ್ಟೀಲ್ ಡಬ್ಬಿಯಲ್ಲಿ ಚಿಲ್ಲರೆ, ಒಂದು ಹಳೆಯ ನೋಟುಬುಕ್ಕು ತಂದು ಮುಂದಿಡುತ್ತಾಳೆ. ‘ಮಾವಯ್ಯ, ಕಟ್ಟುವ ಮೊದಲು ಒಮ್ಮೆ ಎಣಿಸಿಬಿಡಿ, ಲೆಕ್ಕ ತಪ್ಪಬಾರದಲ್ಲ.’ ಅಪ್ಪಯ್ಯ ಒಂದು, ಎರಡು, ಐದರ ನಾಣ್ಯಗಳನ್ನು ಬೇರೆ ಬೇರೆ ಸಾಲು ಮಾಡುತ್ತಾರೆ. ಎಣಿಸುತ್ತ ಎಣಿಸುತ್ತ ಏಳು ಗಂಟೆಯಾಗುತ್ತದೆ, ದೀಪ ಹಚ್ಚುವ ಹೊತ್ತಾಗುತ್ತದೆ. ವಾದ ಮಾಡದೆ, ಕೇಳಿದ್ದರ ಹಿಂದೆ ಇರುವ ಕಳವಳಕ್ಕೆ ಉತ್ತರ ಕೊಟ್ಟು, ಕೈಗೆ ಕೆಲಸ ಹಚ್ಚುವ ಈ ಉಪಾಯವನ್ನು ತರಬೇತಿ ಶಿಬಿರಗಳಲ್ಲಿ ಹೇಳಿಕೊಡುತ್ತಾರೆ. ಅವಳು ಬಿದ್ದು ಎದ್ದು ತಾನೇ ಕಲಿತಳು.

ಸದ್ದು ಬರುವುದು ಡಬ್ಬಿಯೂ ಕೆಲಸ ಮಾಡದ ದಿನ. ‘ಇವಳು ನನ್ನ ದುಡ್ಡು ಕದ್ದಳು’ ಎಂದು ಅಪ್ಪಯ್ಯ ಪಕ್ಕದ ಮನೆಯವರ ಬಾಗಿಲು ತಟ್ಟುವ ದಿನ. ಈ ಆರೋಪವೂ ಕಾಯಿಲೆಯದ್ದೇ ಭಾಗ: ಇಟ್ಟ ಜಾಗ ಮರೆತವನಿಗೆ ಕಳ್ಳ ಬೇಕಾಗುತ್ತಾನೆ, ಹತ್ತಿರವಿದ್ದವಳೇ ಕಳ್ಳಿಯಾಗುತ್ತಾಳೆ. ಇದನ್ನು ನಾದಿನಿ ನಂಬುವ ಸಾಧ್ಯತೆ ಇರುವುದರಿಂದ ಇಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಬೇಕಿತ್ತು.

ಎಚ್ಚರಿಕೆ: ಗಲಿಬಿಲಿ ಎರಡು ಮೂರು ದಿನದಲ್ಲೇ ಇದ್ದಕ್ಕಿದ್ದಂತೆ ಏರಿದರೆ ಅದು ಡಿಮೆನ್ಷಿಯಾದ ಹೊಸ ಹಂತವೆಂದು ಕೈಕಟ್ಟಿ ಕೂರಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ಹೊಸ ಮಾತ್ರೆ, ನೀರು ಕಡಿಮೆ ಕುಡಿದದ್ದು ಇಂಥವು ಕಾರಣ ಇರಬಹುದು. ಅಂದೇ ಡಾಕ್ಟರಲ್ಲಿಗೆ.

ಭಾಷೆಯ ಸೆಟ್ಟಿಂಗ್

ಮುಂಬಯಿ ಮಾದರಿಯ ವಿಶೇಷ ತೊಡಕು ಇದು. ಅಪ್ಪಯ್ಯ ಗಿರಾಕಿಯೊಡನೆ ಹಿಂದಿ, ಮುನಿಸಿಪಾಲಿಟಿಯವರೊಡನೆ ಮರಾಠಿ, ಪಾರ್ಸಿ ಮಾಲಕನೊಡನೆ ಗುಜರಾತಿ ಆಡಿ ಬಾಳಿದವರು. ಕಾಯಿಲೆ ಬೆಳೆದಂತೆ ಹಲವರಲ್ಲಿ ಕೊನೆಗೆ ಕಲಿತ ಭಾಷೆಗಳು ಮೊದಲು ಸರಿಯುತ್ತವೆ. ಒಂದು ಬೆಳಿಗ್ಗೆ ಅಪ್ಪಯ್ಯನ ಬಾಯಲ್ಲಿ ಉಳಿದದ್ದು ಕುಂದಾಪುರದ ಕನ್ನಡ ಮಾತ್ರ. ಬ್ಯೂರೋದಿಂದ ಹನ್ನೆರಡು ಗಂಟೆ ಡ್ಯೂಟಿಗೆ ಬರುವ ಆರೈಕೆಯ ಹೆಂಗಸಿಗೆ, ಅಂದರೆ ಮಾವಶಿಗೆ, ಮರಾಠಿ ಬಿಟ್ಟು ಬೇರೆ ಬಾರದು. ಅಪ್ಪಯ್ಯ ‘ಒಂದಕ್ಕೆ ಹೋಯ್ಕ್’ ಎನ್ನುತ್ತಾರೆ, ಮಾವಶಿ ನೀರು ತಂದುಕೊಡುತ್ತಾಳೆ. ಆಮೇಲಿನದನ್ನು ಹಾಸಿಗೆಯೇ ಹೇಳುತ್ತದೆ.

‘ಬಾಯಿ ಇಟ್ಟಿದ್ದೇವಲ್ಲ’ ಎಂದು ಭಾವ ಹಣ ಕಳಿಸಿ ನಿರಾಳನಾಗುವ ಮುನ್ನ ಇದನ್ನು ತಿಳಿಯಬೇಕು. ಇಪ್ಪತ್ತು ಮಾತುಗಳ ಪಟ್ಟಿ ಮಾಡಿ, ನಿಮ್ಮದೇ ದನಿಯಲ್ಲಿ ಮೊಬೈಲಿನಲ್ಲಿ ತುಂಬಿಸಿ ಮಾವಶಿಗೆ ಕಲಿಸಿ: ನೀರು, ಹಸಿವು, ಒಂದಕ್ಕೆ, ಎರಡಕ್ಕೆ, ಚಳಿ, ನೋವು, ಮಲಗುವ, ಬನ್ನಿ. ದುಬೈಯಲ್ಲಿ ಕೂತು ಮಾಡಬಹುದಾದ ಕೆಲಸ ಇದು. ಹಾಗೆಯೇ ಹಳೆಯ ಯಕ್ಷಗಾನದ ಪದ ಹುಡುಕಿ ಕಳಿಸಿ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಡುವಾಗ ಅಪ್ಪಯ್ಯ ಒಂದನ್ನೂ ತಪ್ಪಿಸಿಕೊಂಡವರಲ್ಲ. ಮಗನ ಹೆಸರು ಮರೆತವರಿಗೂ ಹಾಡು ಬಹಳ ಕಾಲ ಉಳಿದಿರುತ್ತದೆ. ಚೆಂಡೆ ಕೇಳಿದರೆ ಅಪ್ಪಯ್ಯ ಸ್ನಾನಕ್ಕೆ ಏಳುತ್ತಾರೆ. ಭಾವ ಬಂದು ಕರೆದರೆ ಏಳುವುದಿಲ್ಲ.

ಬಾಗಿಲು

ಮೊದಲು ಚಾಳು ಇತ್ತು. ಉದ್ದದ ಗ್ಯಾಲರಿ, ತೆರೆದ ಬಾಗಿಲುಗಳು, ನಲ್ಲಿಯ ಮುಂದೆ ಯಾರಾದರೊಬ್ಬರು. ಅಪ್ಪಯ್ಯ ಬನಿಯನ್ನಿನಲ್ಲೇ ಮೆಟ್ಟಿಲಿಳಿದರೆ ನಾಲ್ಕು ಮನೆಯವರು ನಾಲ್ಕು ಭಾಷೆಯಲ್ಲಿ ‘ಎಲ್ಲಿಗೆ?’ ಎನ್ನುತ್ತಿದ್ದರು. ಆ ಇಣುಕುವ ಚಾಳಿಗೆ ಆಗ ನಾವು ಬೈದದ್ದುಂಟು. ರಿಡೆವಲಪ್‌ಮೆಂಟ್ ಬಂತು, ಚಾಳು ಬಿತ್ತು, ಹದಿನೇಳನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಒಂದೇ ತರಹದ ಬಾಗಿಲು, ಒಂದೇ ಬಣ್ಣದ ಪ್ಯಾಸೇಜು, ಎಲ್ಲ ಮಹಡಿಯಲ್ಲೂ ಅದೇ ಲಿಫ್ಟು. ಹಳೆಯ ಜಾಗದಲ್ಲಿ ಕಾಲಿನ ಅಭ್ಯಾಸದಿಂದಲೇ ಓಡಾಡಿಕೊಂಡಿದ್ದ ಎಷ್ಟೋ ಹಿರಿಯರ ಮರೆವು ಮನೆ ಬದಲಿಸಿದ ಮೇಲೆ ಒಮ್ಮೆಲೇ ಬಯಲಾಗುತ್ತದೆ. ‘ಹೊಸ ಮನೆಗೆ ಬಂದ ಮೇಲೆ ಅಪ್ಪಯ್ಯ ಕೆಟ್ಟರು’ ಎಂದು ಹೇಳುತ್ತಾರೆ. ಅಪ್ಪಯ್ಯ ಮೊದಲೇ ಕೆಡುತ್ತ ಬಂದಿದ್ದರು, ನಾಲ್ಕು ಮನೆಯವರು ಎತ್ತಿ ಹಿಡಿದಿದ್ದರು. ಈಗ ಆ ನಾಲ್ಕು ಮನೆಯ ಕೆಲಸವೂ ಒಬ್ಬಳ ಮೇಲೆ.

ಬಾಗಿಲಿಗೆ ಗಂಟೆ ಕಟ್ಟಿ. ಬಚ್ಚಲಿನ ಒಳಚಿಲಕ ತೆಗೆಸಿ. ಗ್ಯಾಸಿನ ಕವಾಟ ಮುಚ್ಚಿಡಿ. ವಾಚ್‌ಮನ್‌ಗೆ, ಕೆಳಗಿನ ಪಾನ್‌ವಾಲಾಗೆ, ರಿಕ್ಷಾ ಸ್ಟ್ಯಾಂಡಿನವರಿಗೆ ಅಪ್ಪಯ್ಯನ ಮುಖ ತೋರಿಸಿಡಿ. ಕಾಯಿಲೆಯ ಸುದ್ದಿ ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆಂಬ ಲೆಕ್ಕ ಈ ಊರಿನಲ್ಲಿ ನಡೆಯದು, ಏಕೆಂದರೆ ಕೆಳಗೆ ಸ್ಟೇಷನ್ ಇದೆ. ಅಲ್ಲಿ ಬಂದ ಲೋಕಲಿಗೆ ಜನರೇ ಹತ್ತಿಸಿಬಿಡುತ್ತಾರೆ, ವಿರಾರಿನಲ್ಲೋ ಪನವೇಲಿನಲ್ಲೋ ಕಸಾರಾದಲ್ಲೋ ಜನರೇ ಇಳಿಸುತ್ತಾರೆ. ಕಾಣೆಯಾದರೆ ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮವಿಲ್ಲ. ತಕ್ಷಣ 112ಕ್ಕೂ ರೈಲ್ವೆಯ 139ಕ್ಕೂ ಫೋನು ಮಾಡಿ, ಠಾಣೆಗೆ ಹೋಗಿ. 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಕಳೆದುಹೋದ ಅಪ್ಪನಾದಾಗ ನೀವೆಲ್ಲ ಅತ್ತಿರಿ. ಆದರೆ ಈಚಿನ ಒಂದು ಒಳ್ಳೆಯ ಫೋಟೋ, ಇವತ್ತು ಹಾಕಿದ ಶರಟಿನ ಬಣ್ಣ ಇವೆರಡು ಅವಳ ಮೊಬೈಲಿನಲ್ಲಲ್ಲದೆ ನಿಮ್ಮ ಯಾರ ಹತ್ತಿರವೂ ಇಲ್ಲ. ಕುತ್ತಿಗೆಗೆ ಹಾಕುವ ಕ್ಯೂಆರ್ ಪದಕಗಳು ಈಗ ಸಿಗುತ್ತವೆ. 2023ರಲ್ಲಿ ವರ್ಳಿಯಿಂದ ಕಾಣೆಯಾದ ಬುದ್ಧಿ ಬೆಳವಣಿಗೆ ಕುಂಠಿತಗೊಂಡ ಬಾಲಕನೊಬ್ಬ ಅಂಥ ಪದಕದಿಂದಲೇ ಕೊಲಾಬಾದಲ್ಲಿ ಪತ್ತೆಯಾಗಿ ಅಂದೇ ಮನೆ ಸೇರಿದ.

ಕಾಗದಪತ್ರ

ಚಿಕ್ಕ ಅಧ್ಯಾಯ, ಆದರೆ ಜಗಳವೆಲ್ಲ ಇಲ್ಲೇ ಹುಟ್ಟುವುದು. ‘ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದೇವೆ’ ಎಂದು ಭಾವ ಧೈರ್ಯದಲ್ಲಿರುತ್ತಾನೆ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಯಾವಾಗ ಬೇಕೋ ಆಗಲೇ ಇಲ್ಲ. ಆ ಹಂತಕ್ಕೆ ಬಂದಮೇಲೆ ಉಳಿಯುವ ದಾರಿ ಹೈಕೋರ್ಟು. ಇಂಥ ರೋಗಿಗಳಿಗೆ ಹೆಂಡತಿಯನ್ನೋ ಮಕ್ಕಳನ್ನೋ ಪಾಲಕರಾಗಿ ನೇಮಿಸಿದ ಆದೇಶಗಳು ಬಾಂಬೆ ಹೈಕೋರ್ಟಿನಲ್ಲಿ ಬಂದಿವೆ. ಅದಕ್ಕೆ ವಕೀಲರ ಫೀಸು, ತಿಂಗಳುಗಟ್ಟಲೆ ಕಾಯುವಿಕೆ. ಅಪ್ಪಯ್ಯನಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಜಂಟಿ ಖಾತೆ, ನಾಮಿನಿ, ಉಯಿಲು ಎಲ್ಲವನ್ನೂ ಅವರ ಇಷ್ಟ ಕೇಳಿ ಮುಗಿಸಿ. ಔಷಧಿಯ ಖರ್ಚಿಗೆ ಅವಳು ಮೂವರಿಗೆ ಫೋನು ಮಾಡಿ ಬಿಲ್ಲಿನ ಫೋಟೋ ಕಳಿಸುವ ವ್ಯವಸ್ಥೆಯನ್ನು ರದ್ದುಮಾಡಿ.

ಸರ್ವೀಸಿಂಗ್

ಯಂತ್ರಕ್ಕೆ ಸರ್ವೀಸಿಂಗ್ ಬೇಡವೆಂಬುದು ಬಳಕೆದಾರರ ದೊಡ್ಡ ತಪ್ಪುಕಲ್ಪನೆ. ಅಮೆರಿಕದಲ್ಲಿ ನ್ಯಾನ್ಸಿ ಮೇಸ್, ಪೀಟರ್ ರಾಬಿನ್ಸ್ ಎಂಬಿಬ್ಬರು 1981ರಲ್ಲಿ ಈ ಕುಟುಂಬಗಳಿಗಾಗಿ ಪುಸ್ತಕ ಬರೆದು ಅದಕ್ಕೆ ‘36 ಗಂಟೆಯ ದಿನ’ ಎಂಬ ಅರ್ಥದ ಹೆಸರಿಟ್ಟರು. ನಿಮ್ಮ ಮನೆಯ ಗಡಿಯಾರ ಇನ್ನೂ 24ಕ್ಕೇ ನಿಂತಿದೆ. ಅವಳ ಮೇಲಿನ ಹೊರೆ ಅಳೆಯಲು ಮೀಟರೂ ಇದೆ. ಸ್ಟೀವನ್ ಝರಿಟ್ ರೂಪಿಸಿದ 22 ಪ್ರಶ್ನೆಗಳ ಪಟ್ಟಿ, ಸೊನ್ನೆಯಿಂದ 88ರವರೆಗೆ ಅಂಕ. ಅಪ್ಪಯ್ಯನ ಬಿಪಿಯನ್ನು ದಿನಾ ಕೇಳಿ ಬರೆದುಕೊಳ್ಳುವ ಭಾವ ಇದನ್ನೂ ತಿಂಗಳಿಗೊಮ್ಮೆ ಕೇಳಿ ಬರೆದುಕೊಳ್ಳಲಿ.

ಸರ್ವೀಸಿಂಗ್ ಮಾಡಿದರೆ ಪ್ರಯೋಜನವುಂಟೇ? ಪಕ್ಕದ ಗೋವಾದಲ್ಲಿ ನೋಡಿದ್ದಾರೆ. 81 ಕುಟುಂಬಗಳಲ್ಲಿ ಪ್ರಯೋಗ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡ ಡಾಕ್ಟರುಗಳಲ್ಲ, ಊರಿನ ಭಾಷೆ ಬಲ್ಲ, ಸಾಧಾರಣ ಓದಿದ, ಒಂದು ವಾರ ತರಬೇತಿ ಪಡೆದ ಸಲಹೆಗಾರರು ಮನೆಮನೆಗೆ ಹೋದರು. ಹದಿನೈದು ದಿನಕ್ಕೊಮ್ಮೆಯಾದರೂ, ಆರು ತಿಂಗಳು. ಕೂತು ಕೇಳಿದರು, ಕಾಯಿಲೆಯ ಬಗ್ಗೆ ತಿಳಿಹೇಳಿದರು, ಕೂಗಾಟ ಬಂದಾಗ ಏನು ಮಾಡಬೇಕೆಂದು ತೋರಿಸಿದರು, ಬೇಕಾದಲ್ಲಿ ಡಾಕ್ಟರನ್ನು ಕರೆಸಿದರು. ರೋಗಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ‘ಐಸಪೋರ್ಟ್’ ಕೈಪಿಡಿಯಲ್ಲೂ, ಅದು ನಿಜವಾದ ಕೈಪಿಡಿ, ಐದು ಭಾಗಗಳಲ್ಲಿ ಮೂರನೆಯದು ನೋಡಿಕೊಳ್ಳುವವರ ಸ್ವಂತ ಆರೈಕೆ. ರೋಗಿಗೆ ಊಟ, ಸ್ನಾನ ಮಾಡಿಸುವ ಪಾಠ ಅದಾದ ಮೇಲೆ ಬರುತ್ತದೆ.

ಮುಂಬಯಿಯಲ್ಲಿ ಎಲ್ಲೆಲ್ಲಿ ಸರ್ವೀಸ್ ಸಿಗುತ್ತದೆ? 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ಸ್ ಸೊಸೈಟಿಗೆ, ಅಂದರೆ ಎಆರ್‌ಡಿಎಸ್‌ಐಗೆ, ಇಲ್ಲಿ ಶಾಖೆ ಇದೆ. ಡಿಗ್ನಿಟಿ ಫೌಂಡೇಷನ್ ಡಿಮೆನ್ಷಿಯಾ ಇದ್ದವರಿಗಾಗಿ ಹಗಲು ಆರೈಕೆಯ ಕೇಂದ್ರ ನಡೆಸಿದೆ. ಹಿರಿಯರ ಸಹಾಯವಾಣಿ 14567. ಅವಳು ತನ್ನ ಮನಸ್ಸಿನದ್ದನ್ನು ಹೇಳಿಕೊಳ್ಳಲು 14416ರ ಟೆಲಿಮಾನಸ್, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆದರೆ ಫೋನು ಮಾಡಲು ಅವಳಿಗೆ ಬಾಗಿಲು ಹಾಕಿಕೊಂಡು ಕೂರುವ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಯಾವ ಸಹಾಯವಾಣಿಯೂ ಒದಗಿಸದು, ಅಂಧೇರಿಯ ಭಾವ ಒದಗಿಸಬಹುದು.

ಇಲ್ಲಿ ನಮ್ಮ ಸಂಘಗಳಿಗೂ ಒಂದು ಮಾತು. ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಬಿಲ್ಲವರದು, ಮೊಗವೀರರದು, ಒಂದೊಂದು ಉಪನಗರದಲ್ಲಿ ಒಂದೊಂದು ಸಭಾಗೃಹ. ವಿದ್ಯಾರ್ಥಿವೇತನ ಕೊಟ್ಟೆವು, ಶಿಬಿರ ಮಾಡಿದೆವು. ಆ ಸಭಾಗೃಹಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಚಾಪೆ ಹಾಸಿ, ಎರಡು ತಾಳ ಇಟ್ಟು, ಕುಂದಾಪುರದ ಕನ್ನಡವೋ ತುಳುವೋ ಬಲ್ಲ ನಾಲ್ಕು ಜನ ಕೂತರೆ ಅಪ್ಪಯ್ಯನಂಥ ಹತ್ತು ಮಂದಿಯನ್ನು ಮೂರು ಗಂಟೆ ನೋಡಿಕೊಳ್ಳಬಹುದು. ಬ್ಯೂರೋದ ಯಾವ ಮಾವಶಿಗೂ ಸಾಧ್ಯವಾಗದ್ದು ಅದು. ಸನ್ಮಾನದ ಶಾಲುಗಳ ಬಜೆಟ್ಟಿನಲ್ಲೇ ಆದೀತು.

ಬಳಕೆಯ ಅವಧಿ ಮುಗಿದ ಮೇಲೆ

ಅವಧಿ ಎಷ್ಟೆಂದು ಮೊದಲೇ ಹೇಳಲಾಗದು, ಹತ್ತು ವರ್ಷ ದಾಟುವುದೂ ಉಂಟು. ಕೊನೆಯಲ್ಲಿ ನುಂಗುವುದೂ ಮರೆಯುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಮಿಕ್ಸಿಗೆ ಹಾಕಿ, ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಕೊಡುವ ದಿನಗಳು ಬರುತ್ತವೆ. ಆಮೇಲೆ ಒಂದು ದಿನ ನೀವೆಲ್ಲ ವಿಮಾನದಲ್ಲಿ, ವಂದೇ ಭಾರತದಲ್ಲಿ, ಓಲಾದಲ್ಲಿ ಬಂದಿಳಿಯುತ್ತೀರಿ.

ಆಗ ಪಾಲಿಸಬೇಕಾದ ಸೂಚನೆಗಳು. ಆಸ್ಪತ್ರೆಗೆ ಯಾಕೆ ಮೊದಲೇ ಸೇರಿಸಲಿಲ್ಲ ಎಂದು ಕೇಳಬಾರದು. ‘ಪಾಪ, ಅವರಿಗೂ ಬಿಡುಗಡೆ, ನಿನಗೂ ಬಿಡುಗಡೆ’ ಎನ್ನಬಾರದು. ಯಂತ್ರ ಕೆಲವು ತಿಂಗಳು ರಾತ್ರಿ ಮೂರಕ್ಕೆ ತಾನಾಗಿ ಎದ್ದು ಕೂರುತ್ತದೆ, ಆಗ ರಿಪೇರಿಗೆ ಕೈಹಾಕಬೇಡಿ, ಪಕ್ಕದಲ್ಲಿ ಕೂತರೆ ಸಾಕು. ಕೆಲಸ ಬಿಟ್ಟ ವರ್ಷಗಳಲ್ಲಿ ಅವಳ ಪಿಎಫ್ ನಿಂತಿದೆ, ಮಂಡಿ ಸವೆದಿದೆ, ತಮ್ಮನ ಮದುವೆಗೆ ಹೋಗಲಾಗಿಲ್ಲ. ಇವುಗಳ ಲೆಕ್ಕವನ್ನು ಉತ್ತರಕ್ರಿಯೆಯ ಊಟದ ಮರುದಿನ, ಊರಿನ ಜಾಗದ ಮಾತು ತೆಗೆಯುವ ಮೊದಲು, ಅದೇ ಜಮಖಾನೆಯ ಮೇಲೆ ಕೂತು ಮಾಡಿ. ಬರೆಯಲು ನೋಟುಬುಕ್ಕು ಬೇಕಾದರೆ ಚಿಲ್ಲರೆಯ ಡಬ್ಬಿಯ ಜೊತೆಗಿರುವುದನ್ನೇ ಬಳಸಬಹುದು, ಅದರಲ್ಲಿ ಇನ್ನೂ ಖಾಲಿ ಹಾಳೆಗಳಿವೆ.